ಗಾಯಕ್ಕಿಂತ ಮೊದಲು ಆದೇಶದ ಪ್ರತಿ

ಪ್ರವಾಹದ ಕೆಲಸದಲ್ಲಿ ಮರಳಿನ ಮೂಟೆ ಎತ್ತುವಾಗ ಭುಜಕ್ಕೆ ಪೆಟ್ಟು ಮಾಡಿಕೊಂಡ ಟೆಕ್ಸಾಸ್ ನ್ಯಾಷನಲ್ ಗಾರ್ಡ್‌ನ (ಹೊರಗೆ ಬೇರೆ ಉದ್ಯೋಗ ಮಾಡುತ್ತಲೇ ಸೇವೆ ಸಲ್ಲಿಸುವ ಮೀಸಲು ಸೈನಿಕರ ಪಡೆ) ಯುವಕನೊಬ್ಬ ತನ್ನ ತಂದೆಯೊಡನೆ ನನ್ನ ಕಚೇರಿಗೆ ಬಂದಿದ್ದ. ಎಡಗೈಯಲ್ಲಿ ಹಿಡಿದಿದ್ದ ಕಡತದಲ್ಲಿ ಎಕ್ಸ್‌ರೇ, ಔಷಧದ ಚೀಟಿ, ಎಂಆರ್‌ಐ ವರದಿ ಎಲ್ಲವೂ ಇದ್ದವು. ಅವನನ್ನು ಕರ್ತವ್ಯಕ್ಕೆ ಕರೆದ ಆದೇಶದ ಪ್ರತಿ ಮಾತ್ರ ಇರಲಿಲ್ಲ. ನಾನು ಮೊದಲು ಕೇಳುವುದು ಅದನ್ನೇ.

ಸಮವಸ್ತ್ರ ಒಂದೇ ಆದರೂ ಗಾರ್ಡ್‌ನ ಸೇವೆಗೆ ಕಾನೂನಿನಲ್ಲಿ ಬೇರೆ ಬೇರೆ ನೆಲೆಗಳಿವೆ. ಅಮೆರಿಕದ ಕೇಂದ್ರ (ಫೆಡರಲ್) ಕಾನೂನು ಸಂಹಿತೆಯ ಭಾಗಗಳಾದ ಟೈಟಲ್ 10 ಅಥವಾ ಟೈಟಲ್ 32ರ ಅಡಿಯ ಆದೇಶವಾದರೆ ಗಾಯದ ಹೊಣೆ ಫೆಡರಲ್ ವ್ಯವಸ್ಥೆಗೆ ಸೇರುತ್ತದೆ. ರಾಜ್ಯಪಾಲರು ರಾಜ್ಯದ ಖರ್ಚಿನಲ್ಲಿ ಕರೆದ ಸ್ಟೇಟ್ ಆ್ಯಕ್ಟಿವ್ ಡ್ಯೂಟಿಯಾದರೆ, ಟೆಕ್ಸಾಸ್‌ನ ಸರ್ಕಾರಿ ಸಂಹಿತೆಯ 437.227ನೇ ಕಲಮಿನಂತೆ, ಗಾಯಗೊಂಡವರಿಗೆ ರಾಜ್ಯ ನೌಕರರಂತೆಯೇ ಕಾರ್ಮಿಕ ಪರಿಹಾರ ಸಲ್ಲುತ್ತದೆ. 2017ರ ಹಾರ್ವೆ ಚಂಡಮಾರುತದಂಥ ಸಂದರ್ಭದಲ್ಲಿ ಸಾವಿರಾರು ಮಂದಿಯನ್ನು ಒಮ್ಮೆಲೇ ಕರೆಸಿದಾಗ, ತಾನು ಯಾವ ಆದೇಶದ ಮೇಲೆ ದುಡಿಯುತ್ತಿದ್ದೇನೆ ಎಂಬುದರತ್ತ ಸೈನಿಕನ ಗಮನ ಹೋಗದಿರುವುದು ಸಹಜ.

ಹೆಚ್ಚಿನವರಿಗೆ ತಿಳಿಯದೆ ಉಳಿಯುವ ಅನುಕೂಲವೊಂದು ಟೆಕ್ಸಾಸ್‌ನ ಕಾರ್ಮಿಕ ಸಂಹಿತೆಯ 408.0445ನೇ ಕಲಮಿನಲ್ಲಿದೆ. ಸರಾಸರಿ ವಾರದ ವೇತನವನ್ನು ನಿರ್ಧರಿಸುವಾಗ ಗಾರ್ಡ್‌ನ ಸಂಬಳದ ಜೊತೆಗೆ ಹೊರಗಿನ ಉದ್ಯೋಗದ ಸಂಬಳವನ್ನೂ ಕೂಡಿಸಬೇಕು. ಮೊತ್ತ ರಾಜ್ಯದ ಸರಾಸರಿ ವಾರದ ವೇತನವನ್ನು ಮೀರುವಂತಿಲ್ಲ, ಅಷ್ಟೇ. ಲೆಕ್ಕಕ್ಕೆಂದು ಹೊರಗಿನ ಸಂಬಳ ವಾರಕ್ಕೆ 700 ಡಾಲರ್, ಗಾರ್ಡ್‌ನದು 300 ಎಂದಿಟ್ಟುಕೊಳ್ಳಿ. ಕೆಲಸಕ್ಕೆ ಹೋಗಲಾಗದ ಅವಧಿಯ ತಾತ್ಕಾಲಿಕ ಪರಿಹಾರ ಸಾಮಾನ್ಯವಾಗಿ ಕಳೆದುಕೊಂಡ ಗಳಿಕೆಯ ಶೇ 70 ಆದ್ದರಿಂದ, ಎರಡೂ ಸಂಬಳ ಸೇರಿದರೆ ವಾರಕ್ಕೆ 700 ಡಾಲರ್ ಬರುತ್ತದೆ. ಹೊರಗಿನ ವೇತನ ಚೀಟಿಗಳನ್ನು ಕೊಡದೆ ಹೋದರೆ ಅದು 210ಕ್ಕೆ ಇಳಿಯುತ್ತದೆ. ಬಾಡಿಗೆ ಕಟ್ಟಬೇಕಾದ ಮನೆಯಲ್ಲಿ ಈ ಅಂತರ ಸಣ್ಣದಲ್ಲ.

ನನ್ನನ್ನು ನಿಜಕ್ಕೂ ಕಾಡುವುದು ಗಾಯವನ್ನು ಮುಚ್ಚಿಡುವ ಅಭ್ಯಾಸ. ತಂಡವನ್ನು ನಡುವೆ ಬಿಟ್ಟುಬರಬಾರದೆಂಬ ಅವರ ನಿಷ್ಠೆಯನ್ನು ನಾನು ಗೌರವಿಸುತ್ತೇನೆ, ಆದರೆ ಗಾಯವಾದ 30 ದಿನಗಳೊಳಗೆ ತಿಳಿಸಬೇಕು, ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು ಎಂಬ ನಿಯಮಕ್ಕೆ ವಿನಾಯಿತಿ ದೊರೆಯುವುದು ಕಷ್ಟ. ಬಾಯಿಮಾತಿನಲ್ಲಿ ಹೇಳಿದರೂ ಸಾಕು ಎನ್ನುವವರಿದ್ದಾರೆ. ನಾನು ಆ ಸೂಚನೆಯನ್ನು ಬರವಣಿಗೆಯಲ್ಲೇ ಕೊಡಿಸುತ್ತೇನೆ. ಆ ಯುವಕ ಮೂರು ವಾರ ನೋವು ನುಂಗಿಕೊಂಡಿದ್ದ. ಅಂದು 24ನೆಯ ದಿನ. ನನ್ನ ಮೇಜಿನ ಮೇಲೆಯೇ, ಬಲಗೈ ಎತ್ತಲಾಗದೆ, ಎಡಗೈಯಿಂದ ನಾಲ್ಕು ಸಾಲು ಬರೆದು ಸಹಿ ಹಾಕಿದ.