ಸಾಬೂನಿನ ರುಚಿಯ ಗಮ್

ಕೆನಡಾದಲ್ಲಿ ಥ್ರಿಲ್ಸ್ ಎಂಬ ಹಳೆಯ ಕಾಲದ ಚ್ಯೂಯಿಂಗ್ ಗಮ್ ಒಂದಿದೆ. ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದ ಓ-ಪೀ-ಚೀ ಕಂಪನಿ ಮೊದಲು ತಯಾರಿಸುತ್ತಿದ್ದ ಈ ಪುಟ್ಟ ಗುಳಿಗೆಗಳ ಬಣ್ಣ ನೇರಳೆ, ಪರಿಮಳ ಪನ್ನೀರಿನದು. ಬಣ್ಣ ನೋಡಿ ದ್ರಾಕ್ಷಿಯ ರುಚಿ ನಿರೀಕ್ಷಿಸುವ ನಾಲಿಗೆಗೆ ಗುಲಾಬಿ ಎದುರಾಗುವುದೇ ಮೊದಲ ಪೆಟ್ಟು. ಸಾಬೂನು ಜಗಿದಂತಿದೆ ಎಂಬ ದೂರು ಎಷ್ಟು ಹಬ್ಬಿತೆಂದರೆ, ‘ಈಗಲೂ ಸಾಬೂನಿನ ರುಚಿಯೇ!’ ಎಂಬ ಅರ್ಥದ ಸಾಲು ಪೊಟ್ಟಣದ ಮೇಲೆಯೇ ಅಚ್ಚಾಯಿತು. ಆಹಾರಕ್ಕೆ ಪರಿಮಳ ಕೂಡಿಸುವ ನಮ್ಮ ವೃತ್ತಿಯಲ್ಲಿ ಇಷ್ಟು ನೇರವಾದ ಜಾಹೀರಾತು ಅಪರೂಪ.

ಈ ದೂರು ಬರಿಯ ಕಲ್ಪನೆಯಲ್ಲ. ಗುಲಾಬಿಯ ಪರಿಮಳಕ್ಕೆ ಮುಖ್ಯ ಕಾರಣವಾದ ಫೀನೈಲ್ ಎಥೈಲ್ ಆಲ್ಕೋಹಾಲ್, ಜೆರಾನಿಯಾಲ್ ಮತ್ತು ಸಿಟ್ರೊನೆಲ್ಲಾಲ್‌ಗಳು ಮೂರೂ ಆಲ್ಕೋಹಾಲ್ ವರ್ಗದ ಸಂಯುಕ್ತಗಳು. ಸಾಬೂನು ಕ್ಷಾರೀಯವಾದುದರಿಂದ ಹಣ್ಣಿನ ಪರಿಮಳ ಕೊಡುವ ಅನೇಕ ಎಸ್ಟರ್‌ಗಳು ಅದರಲ್ಲಿ ಒಡೆದುಹೋಗುತ್ತವೆ. ಈ ಆಲ್ಕೋಹಾಲ್‌ಗಳು ಮಾತ್ರ ಬಹುಕಾಲ ಕೆಡದೆ ಉಳಿಯುತ್ತವೆ. ಹೀಗಾಗಿ ಸಾಬೂನು ತಯಾರಕರು ಹಿಂದಿನಿಂದಲೂ ಅವುಗಳನ್ನೇ ನೆಚ್ಚಿಕೊಂಡರು. ಗುಲಾಬಿಯನ್ನು ಬಚ್ಚಲುಮನೆಯಲ್ಲಷ್ಟೇ ಮೂಸಿ ಬೆಳೆದವರ ಮೂಗಿಗೆ ಅದು ತಿನ್ನುವ ವಸ್ತುವಾಗಿ ತೋರದಿದ್ದರೆ ಆಶ್ಚರ್ಯವೇನಿಲ್ಲ. ಗುಲ್ಕಂದ್ ಹಾಕಿದ ಬೀಡಾ ಮೆಲ್ಲುವ ನಮಗೆ ಅದೇ ಪರಿಮಳ ಊಟದ ನಂತರದ ಸುಖ. ಅಂದಹಾಗೆ, ಜೆರಾನಿಯಾಲ್‌ನ ಪ್ರಮುಖ ಮೂಲಗಳಲ್ಲೊಂದು ಭಾರತದಲ್ಲಿ ಬೆಳೆಯುವ ಪಾಮರೋಸಾ ಹುಲ್ಲು. ಅದರ ತೈಲವನ್ನು ದುಬಾರಿ ಗುಲಾಬಿ ಅತ್ತರಿಗೆ ಬೆರಕೆ ಮಾಡುತ್ತಿದ್ದ ವ್ಯಾಪಾರವೂ ಹಳೆಯದೇ.

ಆದರೂ ರೂಢಿಯೊಂದೇ ಎಲ್ಲವನ್ನೂ ವಿವರಿಸದು ಎಂಬುದು ನನ್ನ ಅಭಿಪ್ರಾಯ. ಉಳಿದ ಕಾರಣ ಗಮ್‌ನ ರಚನೆಯಲ್ಲಿದೆ. ಗಮ್‌ನ ಅಂಟು ನೀರಿನಲ್ಲಿ ಕರಗದು, ಎಣ್ಣೆಯ ಸ್ವಭಾವದ ಪರಿಮಳಗಳನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಸಕ್ಕರೆಯಾದರೋ ಎಂಜಲಿನಲ್ಲಿ ಕೆಲವೇ ನಿಮಿಷಗಳಲ್ಲಿ ಕರಗಿ ಗಂಟಲಿಗಿಳಿಯುತ್ತದೆ. ಇಂಥ ಹೂವಿನ ಪರಿಮಳವನ್ನು ತಿನಿಸಿನದೆಂದು ಮೆದುಳು ಒಪ್ಪಿಕೊಳ್ಳಲು ಸಿಹಿಯ ಬೆಂಬಲ ಬೇಕು. ಸಿಹಿ ಹೋದ ಮೇಲೂ ಗಂಟಲಿನ ಹಿಂಬದಿಯಿಂದ ಮೂಗಿಗೇರುತ್ತಲೇ ಇರುವ ಜೆರಾನಿಯಾಲ್ ಕೇವಲ ಸುಗಂಧದ್ರವ್ಯವಾಗಿ ಉಳಿಯುತ್ತದೆ. ಗುಲ್ಕಂದ್‌ನಲ್ಲಿ ಹೀಗಾಗುವುದಿಲ್ಲ, ಏಕೆಂದರೆ ಎಸಳೂ ಸಕ್ಕರೆಯೂ ಒಟ್ಟಿಗೇ ಬೆರೆತು ಒಟ್ಟಿಗೇ ಹೊಟ್ಟೆ ಸೇರುತ್ತವೆ. ಪುದೀನದ ಗಮ್‌ಗೂ ಈ ಕಷ್ಟ ಕಡಿಮೆ: ಮೆಂಥಾಲ್‌ನ ತಂಪು ಸಿಹಿಯ ಹಂಗಿಲ್ಲದೆ ಹಿತವಾಗಿಯೇ ಇರುತ್ತದೆ.

ಇಂದು ಹೂವಿನ ಪರಿಮಳದ ಗಮ್ ತಯಾರಿಸುವವರು ತೀವ್ರ ಸಿಹಿಕಾರಕಗಳ ಕಣಗಳಿಗೆ ಮೇಲ್ಪದರ ಕೊಟ್ಟು, ಜಗಿದಂತೆಲ್ಲ ಅವು ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುವಂತೆ ಮಾಡಬಹುದು. ಪರಿಮಳದೊಂದಿಗೆ ಸಿಹಿಯೂ ಉಳಿಯುತ್ತದೆ. ಥ್ರಿಲ್ಸ್‌ಗೆ ಮಾತ್ರ ಅಂಥ ತಿದ್ದುಪಡಿಯನ್ನು ನಾನು ಸೂಚಿಸಲಾರೆ, ಏಕೆಂದರೆ ಅದನ್ನು ಕೊಳ್ಳುವವರು ಕೊಳ್ಳುವುದೇ ಆ ಸಾಬೂನಿನ ರುಚಿಗಾಗಿ.