ಮದುವೆ ಮನೆಯಲ್ಲಿ ವಾಚಾಳಿ, ಮೀಟಿಂಗಿನಲ್ಲಿ ಮೌನಿ

‘ಹೊಸಬರ ಜೊತೆ ಸಲೀಸಾಗಿ ಬೆರೆಯುತ್ತೀರಾ?’ ಆಫೀಸಿನ ತರಬೇತಿಯಲ್ಲಿ ಕೊಟ್ಟ ವ್ಯಕ್ತಿತ್ವ ಪರೀಕ್ಷೆಯ ಮೂರನೇ ಪ್ರಶ್ನೆಗೇ ಸಿಕ್ಕಿಹಾಕಿಕೊಂಡೆ. ಊರಿನ ಮದುವೆಯಲ್ಲಾದರೆ ಸಾರಿನ ಬಕೆಟ್ ಹಿಡಿದು, ಗುರುತಿಲ್ಲದವರನ್ನೂ ‘ಇನ್ನೊಂದ್ ಸೌಟು ಹಾಕಿಸ್ಕೊಳ್ಳಿ’ ಎಂದು ಮಾತಾಡಿಸುತ್ತ ಪಂಕ್ತಿಯುದ್ದಕ್ಕೂ ಓಡಾಡುವವನು ನಾನು. ಸೋಮವಾರದ ಮೀಟಿಂಗಿನಲ್ಲಿ ಮಾತ್ರ ಬಾಯಿ ಬಿಡುವ ಹೊತ್ತಿಗೆ ಎರಡು ಲೋಟ ನೀರು ಖಾಲಿ. ಇದ್ದದ್ದು ಹೌದು, ಇಲ್ಲ ಎರಡೇ. ಆಫೀಸಿನಲ್ಲೇ ಕೂತಿದ್ದೆನಲ್ಲ, ‘ಇಲ್ಲ’ ಎಂದೆ. ವರದಿ ಬಂತು: ನಾನು ಅಂತರ್ಮುಖಿ. ಕೆಳಗಿದ್ದ ವಿವರಣೆ ಓದಿ, ‘ಅರೆ, ಇದು ನಾನೇ!’ ಅನ್ನಿಸಿದ್ದು ಸುಳ್ಳಲ್ಲ.

ಹಾಗೆ ಅನ್ನಿಸುವುದರ ಮರ್ಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ 1948ರಲ್ಲೇ ತರಗತಿಯೊಂದರಲ್ಲಿ ಬಯಲು ಮಾಡಿದ್ದರು. 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ವಾರದ ಬಳಿಕ ಒಬ್ಬೊಬ್ಬರಿಗೂ ಅವರವರ ಹೆಸರು ಬರೆದ ಫಲಿತಾಂಶ ಹಂಚಿದರು. ನಿಮ್ಮ ಸ್ವಭಾವಕ್ಕೆ ಇದು ಎಷ್ಟು ಹೊಂದುತ್ತದೆ, ಐದಕ್ಕೆ ಅಂಕ ಕೊಡಿ ಎಂದರು. ಸರಾಸರಿ ಸುಮಾರು 4.3 ಬಂತು. ಆಮೇಲೆ ಮೊದಲ ವಾಕ್ಯ ಓದಿ, ಇಂಥದ್ದು ಯಾರ ಹಾಳೆಯಲ್ಲಿದೆ ಎಂದು ಕೇಳಿದರೆ ಎಲ್ಲರ ಕೈಯೂ ಮೇಲೆ! ತರಗತಿ ಗೊಳ್ಳೆಂದು ನಕ್ಕಿತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ. ಒಮ್ಮೊಮ್ಮೆ ಎಲ್ಲರೊಡನೆ ಬೆರೆಯುತ್ತೀರಿ, ಒಮ್ಮೊಮ್ಮೆ ನಿಮ್ಮ ಪಾಡಿಗೆ ನೀವಿರುತ್ತೀರಿ. ಹೊರಗೆ ಶಿಸ್ತು, ಒಳಗೆ ಅಳುಕು... ಈ ಧಾಟಿಯ ಸಾಲುಗಳನ್ನು ಅವರು ಹೆಕ್ಕಿದ್ದು ರಸ್ತೆಬದಿಯ ಅಂಗಡಿಯ ಜ್ಯೋತಿಷ್ಯದ ಪುಸ್ತಕದಿಂದ. ನಮ್ಮ ಬುಡುಬುಡಿಕೆಯವರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ.

ಹಾಗಂತ ಎಲ್ಲ ಪರೀಕ್ಷೆಗಳೂ ಬುಡುಬುಡಿಕೆಯಲ್ಲ. ಕಂಪನಿಗಳಲ್ಲಿ ಹೆಸರುವಾಸಿಯಾದ ಮೈಯರ್ಸ್-ಬ್ರಿಗ್ಸ್ ಪರೀಕ್ಷೆಯನ್ನು ಕಟ್ಟಿದವರು ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ನೆಚ್ಚಿ ಮನುಷ್ಯರನ್ನು 16 ಬಗೆಯಾಗಿ ವಿಂಗಡಿಸಿದರು. ನನ್ನ ತಕರಾರು ಅವರ ಓದಿನ ಮೇಲಲ್ಲ, ಗೆರೆ ಎಳೆದ ಜಾಗದ ಮೇಲೆ. ಐದೂವರೆ ಅಡಿಗೆ ಗೆರೆ ಎಳೆದು ಮೇಲಿನವರೆಲ್ಲ ಉದ್ದ, ಕೆಳಗಿನವರೆಲ್ಲ ಗಿಡ್ಡ ಎಂದರೆ ಹೇಗೆ? ಬಹುಪಾಲು ಜನ ಇರುವುದು ಗೆರೆಯ ಆಸುಪಾಸಿನಲ್ಲೇ. ಹಾಗಾಗಿಯೇ ಐದು ವಾರ ಬಿಟ್ಟು ಮತ್ತೆ ಬರೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಬಗೆಯೇ ಬದಲಾದದ್ದನ್ನು ಕೆಲವು ಅಧ್ಯಯನಗಳು ಕಂಡಿವೆ.

ಸಂಶೋಧಕರು ಹೆಚ್ಚು ನಂಬುವ ದಾರಿ ಶುರುವಾದದ್ದು ನಿಘಂಟಿನಿಂದ. ಮುಂಗೋಪಿ, ಪುಕ್ಕಲ, ಜಗಳಗಂಟ, ಸೋಮಾರಿ: ಜನರ ನಡುವೆ ಎದ್ದುಕಾಣುವ ವ್ಯತ್ಯಾಸಗಳಿಗೆ ಭಾಷೆ ಹೆಸರಿಟ್ಟೇ ಇರುತ್ತದೆ ಎಂಬ ನಂಬಿಕೆ. 1936ರಲ್ಲಿ ಮನಶ್ಶಾಸ್ತ್ರಜ್ಞರಾದ ಆಲ್‌ಪೋರ್ಟ್ ಮತ್ತು ಆಡ್ಬರ್ಟ್ ಇಂಗ್ಲಿಷಿನಿಂದ ಇಂಥ ಸುಮಾರು 18,000 ಪದಗಳನ್ನು ಹೆಕ್ಕಿದರು. ದಶಕಗಳ ಕಾಲ ಜಾಲಾಡಿದ ಮೇಲೆ ಉಳಿದದ್ದು ಐದು ಗುಣ: ಹೊಸತಿನ ಕುತೂಹಲ, ಅಚ್ಚುಕಟ್ಟುತನ, ಬೆರೆಯುವ ಸ್ವಭಾವ, ಹೊಂದಿಕೊಳ್ಳುವ ಗುಣ, ತಳಮಳ. ಇಲ್ಲಿ ಬಗೆಗಳಿಲ್ಲ, ಪ್ರತಿ ಗುಣಕ್ಕೂ ಒಂದು ಏಣಿ, ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಎಂಬುದಷ್ಟೇ ಲೆಕ್ಕ.

ಏಣಿಯಾದರೂ ನನ್ನ ಸಾರಿನ ಬಕೆಟ್ಟನ್ನು ಪೂರ್ತಿ ವಿವರಿಸದು. 1968ರಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಇದನ್ನೇ ಎತ್ತಿ ಆಡಿದರು: ಪರೀಕ್ಷೆಯ ಅಂಕಕ್ಕೂ ಒಂದು ಸಂದರ್ಭದಲ್ಲಿ ಮನುಷ್ಯ ನಡೆದುಕೊಳ್ಳುವುದಕ್ಕೂ ಇರುವ ಸಹಸಂಬಂಧ (ನಂಟೇ ಇಲ್ಲದಿದ್ದರೆ 0, ಪೂರ್ತಿ ಹೊಂದಿದರೆ 1) 0.3 ದಾಟುವುದೇ ಅಪರೂಪ. ಒಂದು ದಿನದ ಬದಲು ನೂರು ದಿನದ ನಡವಳಿಕೆಯನ್ನು ಕೂಡಿಸಿ ನೋಡಿದರೆ ಗುಣ ಸ್ಪಷ್ಟವಾಗಿ ಕಾಣುತ್ತದೆ ಎಂದು ಉಳಿದವರು ವಾದಿಸಿದರು. ಇಬ್ಬರದೂ ಸರಿಯೇ. ಆದರೆ ಆ ನೂರು ದಿನ ನನ್ನ ಹಿಂದೆ ಸುತ್ತಿದವರು ಯಾರೂ ಇಲ್ಲ.

ವರದಿಯನ್ನು ಅಮ್ಮನಿಗೆ ಓದಿ ಹೇಳಿದೆ.

‘ನೀನು ಮಾತು ಕಮ್ಮಿಯವನಾ? ಯಾರೋ ಹಾಗಂದಿದ್ದು?’

‘ಕಂಪ್ಯೂಟರ್ ಅಮ್ಮ.’

‘ಅದಕ್ಯಾರು ಹೇಳಿದ್ರಂತೆ?’

ನಾನೇ.