ಚಳಿಗೆ ಉರಿಯೋ ಕಂದು ಕೊಬ್ಬು

ಹೊಟ್ಟೆಗೆ ಪ್ಲಾಸ್ಟಿಕ್ ಬೆಲ್ಟ್ ಸುತ್ಕೊಂಡು, ಮೇಲೊಂದು ದಪ್ಪ ಜರ್ಕಿನ್ ಹಾಕ್ಕೊಂಡು ಬೆಳಗ್ಗೆ ಓಡೋರನ್ನ ಕಂಡಾಗೆಲ್ಲ ನಿಲ್ಲಿಸಿ ಹೇಳಬೇಕು ಅನ್ಸುತ್ತೆ, ಸ್ವಾಮಿ, ಬೆವರಲ್ಲಿ ಹೋಗೋದು ನೀರು, ಉಪ್ಪು ಅಷ್ಟೇ, ಮನೆಗೆ ಹೋಗಿ ಒಂದು ಚೆಂಬು ನೀರು ಕುಡಿದ್ರೆ ತೂಕ ವಾಪಸ್. 10 ಕೆಜಿ ಕೊಬ್ಬು ಉರಿದ್ರೆ ಅದರಲ್ಲಿ 8.4 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಉಸಿರಲ್ಲೇ ಆಚೆ ಹೋಗುತ್ತೆ.

ಓಡಿದಾಗಲೂ ಚಳಿಯಾದಾಗಲೂ ನಾರ್‌ಅಡ್ರಿನಲಿನ್ ಅನ್ನೋ ಹಾರ್ಮೋನು ಏರುತ್ತೆ, ಕೊಬ್ಬಿನ ಕೋಶ ಉಗ್ರಾಣದ ಬಾಗಿಲು ತೆಗೆಯುತ್ತೆ, ಇದು ಗೊತ್ತಿರೋದೇ. ನನಗೆ ಹುಚ್ಚು ಹಿಡಿಸಿರೋದು ಕಂದು ಕೊಬ್ಬು, ಅಂದ್ರೆ ಕೂಡಿಡೋ ಬದಲು ಉರಿದು ಮೈ ಬೆಚ್ಚಗಿಡೋ ಕೊಬ್ಬು. 1551ರಲ್ಲೇ ಸ್ವಿಟ್ಜರ್ಲೆಂಡಿನ ಕಾನ್ರಾಡ್ ಗೆಸ್ನರ್ ಚಳಿಗಾಲವೆಲ್ಲ ಮಲಗೋ ಮಾರ್ಮಟ್ ಪ್ರಾಣೀಲಿ ಇದನ್ನ ನೋಡಿ ಕೊಬ್ಬೂ ಅಲ್ಲ ಮಾಂಸವೂ ಅಲ್ಲ ಅಂತ ಬರೆದಿದ್ದ. ಮನುಷ್ಯರಲ್ಲಿ ಕೂಸುಗಳಿಗೆ ಮಾತ್ರ ಮುಖ್ಯ ಅಂದ್ಕೊಂಡಿದ್ರು, ದೊಡ್ಡೋರ ಕತ್ತು, ಹೆಗಲ ಹತ್ರಾನೂ ಇದು ಕೆಲಸ ಮಾಡ್ತಿರುತ್ತೆ ಅಂತ, ಮೈಯೊಳಗೆ ಯಾವ ಭಾಗ ಹೆಚ್ಚು ಸಕ್ಕರೆ ಎಳ್ಕೊಳ್ತಿದೆ ಅಂತ ತೋರಿಸೋ ಪೆಟ್ ಸ್ಕ್ಯಾನ್‌ನಿಂದ ಖಾತ್ರಿಯಾಗಿದ್ದು 2009ರಲ್ಲಿ!

ಅದರ ಕೋಶದ ತುಂಬ ಮೈಟೊಕಾಂಡ್ರಿಯ ಅನ್ನೋ ಪುಟ್ಟ ಶಕ್ತಿಕೇಂದ್ರಗಳು, ಅವುಗಳ ಕಬ್ಬಿಣದಿಂದಾನೇ ಆ ಬಣ್ಣ. ಮೈಟೊಕಾಂಡ್ರಿಯ ಅಂದ್ರೆ ಒಂದು ಅಣೆಕಟ್ಟು ಅಂದ್ಕೊಳ್ಳಿ, ಪ್ರೋಟಾನ್‌ಗಳನ್ನ ಒಂದು ಕಡೆ ತುಂಬಿಸಿಡುತ್ತೆ, ಅವು ಟರ್ಬೈನ್ ತಿರುಗಿಸ್ಕೊಂಡು ಇಳಿದ್ರೆ ಎಟಿಪಿ ಅನ್ನೋ ಕರೆಂಟು. ಕಂದು ಕೊಬ್ಬಲ್ಲಿ ಯುಸಿಪಿ1 ಅನ್ನೋ ಪ್ರೋಟೀನ್ ಪಕ್ಕದ ತೂಬು ಎತ್ತಿಬಿಡುತ್ತೆ, ಕರೆಂಟಿಲ್ಲ, ಬರೀ ಶಾಖ. ಸ್ಕೂಟರ್ ನ್ಯೂಟ್ರಲ್ಲಲ್ಲಿಟ್ಟು ಆಕ್ಸಿಲರೇಟರ್ ತಿರುವಿದ ಹಾಗೆ, ಗಾಡಿ ಕದಲಲ್ಲ, ಪೆಟ್ರೋಲ್ ಉರೀತಾ ಇರುತ್ತೆ, ಸೈಲೆನ್ಸರ್ ಮುಟ್ಟಿದ್ರೆ ಕೈ ಸುಡುತ್ತೆ.

1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸೋಕೆ ಡೈನೈಟ್ರೋಫಿನಾಲ್ ಅನ್ನೋ ರಾಸಾಯನಿಕ ನುಂಗ್ತಿದ್ರು, ಅದು ಮಾಡೋದೂ ಇದನ್ನೇ, ಆದ್ರೆ ಒಂದು ಕಡೆ ಅಲ್ಲ, ಮೈಯೆಲ್ಲ ತೂಬು ಎತ್ತುತ್ತೆ, ಮೈ ಕಾದು ಜನ ಸತ್ರು, ಎಷ್ಟೋ ಜನರ ಕಣ್ಣಿಗೆ ಪೊರೆ ಬಂತು, 1938ರಲ್ಲಿ ನಿಲ್ಲಿಸಿದ್ರು. ಈಗಲೂ ಕದ್ದುಮುಚ್ಚಿ ಆನ್‌ಲೈನಲ್ಲಿ ಮಾರ್ತಾರೆ, ದಯವಿಟ್ಟು ಮುಟ್ಟಬೇಡಿ.

ಇನ್ನು ಐರಿಸಿನ್. ದುಡಿದ ಸ್ನಾಯು ರಕ್ತಕ್ಕೆ ಬಿಡೋ ಈ ಹಾರ್ಮೋನು ಇಲಿಗಳ ಬಿಳಿ ಕೊಬ್ಬನ್ನ, ಅಂದ್ರೆ ಶಕ್ತಿ ಕೂಡಿಡೋ ಮಾಮೂಲಿ ಕೊಬ್ಬನ್ನ, ಕಂದಿನ ಕಡೆಗೆ ತಿರುಗಿಸುತ್ತೆ ಅಂತ 2012ರಲ್ಲಿ ಹಾರ್ವರ್ಡಿನ ಬ್ರೂಸ್ ಸ್ಪೀಗಲ್‌ಮನ್ ತಂಡ ತೋರಿಸ್ತು, ಗ್ರೀಕರ ದೇವದೂತೆ ಐರಿಸ್ ಹೆಸರೇ ಇಟ್ರು. ಚಳಿಗೆ ಗಡಗಡ ನಡುಗಿದ್ರೂ ಇದು ಏರುತ್ತೆ ಅಂತ 2014ರಲ್ಲಿ ಗೊತ್ತಾಯ್ತು, ನಡುಗೋದೂ ಸ್ನಾಯುವಿನ ದುಡಿಮೆನೇ ತಾನೆ. ಮನುಷ್ಯರಲ್ಲಿ ಇದರ ಪ್ರಭಾವ ಎಷ್ಟು ಅನ್ನೋ ಜಗಳ ಇನ್ನೂ ಮುಗಿದಿಲ್ಲ, ಹಾಗಾಗಿ ಐರಿಸಿನ್ ಹೆಸರಲ್ಲಿ ಡಬ್ಬಿ ಮಾರೋರಿಗೆ ದುಡ್ಡು ಕೊಡಬೇಡಿ.

ಹಸುಗೂಸಿಗೆ ದೊಡ್ಡೋರ ಹಾಗೆ ನಡುಗೋಕೆ ಬರಲ್ಲ. ಅದರ ಎರಡು ಹೆಗಲ ಮಧ್ಯೆ ಬೆನ್ನ ಮೇಲಿರೋ ಕಂದು ಕೊಬ್ಬು, ಕುಲಾವಿ ಜಾರಿದ ಕ್ಷಣದಿಂದ, ಸದ್ದಿಲ್ಲದೆ ಉರೀತಾ ಅದನ್ನ ಬೆಚ್ಚಗಿಡುತ್ತೆ.